ಪಿಂಗಾಣಿ ತುಂಬಿದ ಹಲ್ಲಿನ ಬಾಳಿಕೆ

ನಮ್ಮ ಸಪ್ತಾಪುರಕ್ಕೆ ಅನತಿದೂರದ ಸತ್ತೂರಿನಲ್ಲಿ 1986ರಿಂದ ದಂತವೈದ್ಯ ಕಾಲೇಜೊಂದಿದೆ. ಅಲ್ಲಿಗಾಗಲಿ, ಬೇರೆಡೆಗಾಗಲಿ ಹುಳುಕು ಹಲ್ಲಿಗೆ ಪಿಂಗಾಣಿ ತುಂಬಿಸಿಕೊಳ್ಳಲು ಹೋದಾಗ, 'ಇದೆಷ್ಟು ಗಟ್ಟಿ?' ಎಂದು ಕೇಳುವುದು ನಮ್ಮ ವಾಡಿಕೆ. ಬಾಳಿಕೆಯ ಮರ್ಮವಾದರೋ ಗಟ್ಟಿತನದಲ್ಲಿಲ್ಲ, ಬೆಸುಗೆಯಲ್ಲಿದೆ. ಪಿಂಗಾಣಿಯು ಗಡುಸಾದರೂ ಪೆಡಸು. ಬರಿದೆ ಕೂರಿಸಿದರೆ ಜಗಿತಕ್ಕೆ ಬಿರಿಯುವುದು. ಹಲ್ಲಿಗೆ ಬೆಸೆದುಕೊಂಡರೆ ಆ ಭಾರವನ್ನು ಹಲ್ಲೂ ಹೊರುವುದು.

ಹಲ್ಲಿನ ಮೇಲ್ಪದರವನ್ನು ರಂಜಕಾಮ್ಲದಿಂದ ಒರಟುಗೊಳಿಸಿದರೆ ಅಂಟು ಕಚ್ಚಿಕೊಳ್ಳುವುದೆಂದು 1955ರಲ್ಲಿ ಅಮೆರಿಕೆಯ ಬ್ಯೂನೊಕೋರ್ ತೋರಿಸಿದರು. 1985ರಲ್ಲಿ ಜ್ಯೂರಿಕ್ ನಗರದಲ್ಲಿ ಯಂತ್ರದಿಂದ ಕೊರೆದ ಪಿಂಗಾಣಿಯನ್ನು ಹೀಗೆ ಬೆಸೆಯಲಾರಂಭಿಸಿದರು; ಅಂಥವುಗಳಲ್ಲಿ ಅನೇಕವು 25 ವರ್ಷ ದಾಟಿವೆ.

ಆದರೆ ಬೆಸೆಯುವ ಗಳಿಗೆಯಲ್ಲಿ ಲಾಲಾರಸ ಸೋಕಿದರೆ ಹಿಡಿತ ಸಡಿಲುವುದು. ಆದುದರಿಂದ ವೈದ್ಯರನ್ನು ನಾವು ಕೇಳಬೇಕಾದುದು, ಹಲ್ಲನ್ನು ಒಣಗಿರಿಸುವ ರಬ್ಬರು ಹಾಳೆಯನ್ನು ಹಾಕುವಿರಾ ಎಂಬುದು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಅದನ್ನೂ ಮೊದಲೇ ಹೇಳಬೇಕು. ಆ ಮಸೆತಕ್ಕೆ ಒಳ್ಳೆಯ ಬೆಸುಗೆಯೂ ಸೋಲುವುದುಂಟು.