ಬೈಸಿಕಲ್ ಸೀಟಿನ ಎತ್ತರ

ಬೈಸಿಕಲ್ಲನ್ನು ಕೊಂಡವರಲ್ಲಿ ಬಹುಮಂದಿ ಸೀಟಿನ ಎತ್ತರವನ್ನು ಒಂದೇ ಪರೀಕ್ಷೆಯಿಂದ ಗೊತ್ತುಮಾಡುತ್ತಾರೆ: ಕುಳಿತಲ್ಲಿಂದಲೇ ಎರಡು ಪಾದಗಳೂ ನೆಲಕ್ಕೆ ಊರಬೇಕು. ಹೊಸದಾಗಿ ಕಲಿಯುವವರಿಗೆ ಇದು ಯುಕ್ತವೇ. ಬೀಳುವ ಭಯವಿರುವವರೆಗೆ ನೆಲವೇ ಆಪ್ತಬಂಧು. ಆದರೆ ಸವಾರಿ ರೂಢಿಯಾದ ಮೇಲೂ ಅದೇ ಎತ್ತರವನ್ನು ಉಳಿಸಿಕೊಂಡರೆ ಕಾಲಿಗೆ ಅನ್ಯಾಯವಾಗುತ್ತದೆ. ಸೀಟು ಇರುವುದು ತುಳಿಯುವುದಕ್ಕೆ ಅನುಕೂಲವಾಗಲೆಂದು. ನಿಲ್ಲಬೇಕಾದಾಗ ಅದರಿಂದ ಮುಂದಕ್ಕೆ ಇಳಿದು ಕಾಲೂರಿದರಾಯಿತು.

ಸೀಟು ತಗ್ಗಾಗಿದ್ದರೆ ಮಂಡಿಯು ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಮಡಿಸಿಕೊಂಡು, ಮಂಡಿಚಿಪ್ಪಿನ ಮೇಲೆ ಒತ್ತಡ ಹೆಚ್ಚುತ್ತದೆ. ಚಾಮುಂಡಿ ಬೆಟ್ಟದಂತಹ ಏರಿನಲ್ಲಿ ಇದರ ಅರಿವು ಬೇಗನೆ ಆದೀತು. ಅತಿ ಎತ್ತರವಾದರೆ ಸೊಂಟ ಅತ್ತಿತ್ತ ವಾಲುತ್ತದೆ. ಇವೆರಡರ ನಡುವಣ ಹದವನ್ನು ಕಾಣುವುದು ಸುಲಭ. ಗೋಡೆಯನ್ನು ಹಿಡಿದು ಸೀಟಿನ ಮೇಲೆ ಕುಳಿತು, ಅತ್ಯಂತ ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯನ್ನು ಇರಿಸಬೇಕು. ಸೊಂಟ ವಾಲದೆ ಕಾಲು ನೆಟ್ಟಗಾದರೆ ಎತ್ತರ ಸರಿಯೆನ್ನಬಹುದು. ನಾವು ತುಳಿಯುವುದು ಮುಂಗಾಲಿನಿಂದಾದ್ದರಿಂದ ಆಗ ಮಂಡಿಯಲ್ಲಿ ತುಸು ಬಾಗು ತಾನಾಗಿಯೇ ಉಳಿಯುತ್ತದೆ. ಲೆಕ್ಕವನ್ನೇ ನಂಬುವವರಿಗೆ ಇನ್ನೊಂದು ಮಾರ್ಗವುಂಟು: 1967ರಲ್ಲಿ ಇಂಗ್ಲೆಂಡಿನ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು, ಪೆಡಲಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರವು ಒಳಗಾಲಿನ ಉದ್ದದ ನೂರಕ್ಕೆ 109ರಷ್ಟೆಂದು ಸೂಚಿಸಿದರು. ಒಳಗಾಲು 80 ಸೆಂಟಿಮೀಟರ್ ಇರುವವರಿಗೆ ಇದು ಸುಮಾರು 87 ಸೆಂಟಿಮೀಟರ್ ಆಗುತ್ತದೆ.

ಇಷ್ಟರವರೆಗಿನದು ಸೌಖ್ಯದ ಮಾತು. ಇನ್ನು ಅಪಾಯದ ಮಾತು. ಸೀಟನ್ನು ಹೊತ್ತ ಕೊಳವೆಯನ್ನು ಸೀಟ್ ಪಿಲ್ಲರ್ ಎನ್ನುತ್ತಾರೆ. ಸೀಟನ್ನು ಎತ್ತಿದಷ್ಟೂ ಪಿಲ್ಲರು ಫ್ರೇಮಿನಿಂದ ಹೊರಬರುತ್ತದೆ. ಒಳಗೆ ಹುದುಗಿದ ಭಾಗ ಕಡಿಮೆಯಾಗುತ್ತದೆ. ಒಂದು ಮೊಳ ಹೂತ ಬೇಲಿಯ ಗೂಟಕ್ಕೂ ಒಂದು ಗೇಣು ಹೂತ ಗೂಟಕ್ಕೂ ಇರುವ ಅಂತರವನ್ನು ನಾವೆಲ್ಲ ಬಲ್ಲೆವು. ಪಿಲ್ಲರು ಹಿಂದಕ್ಕೆ ವಾಲಿರುವುದರಿಂದ ಸವಾರನ ಭಾರವು ಅದನ್ನು ಸನ್ನೆಕೋಲಿನಂತೆ ಮೀಟುತ್ತದೆ. ಹುದುಗಿದ ಉದ್ದ ಅರ್ಧವಾದರೆ, ಫ್ರೇಮಿನ ಬಾಯಿಯ ಮೇಲೆ ಬೀಳುವ ಬಲ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಬಾಯಿ ಸೀಳಬಹುದು, ಅಥವಾ ಪಿಲ್ಲರು ಮುರಿದು ಅದರ ಹರಿತವಾದ ತುಂಡು ಸವಾರನ ಕೆಳಗೆ ನಿಲ್ಲಬಹುದು.

ಆದುದರಿಂದಲೇ ಪಿಲ್ಲರಿನ ಮೇಲೆ ಒಂದು ಅಡ್ಡಗೆರೆಯನ್ನು ಕೊರೆದಿರುತ್ತಾರೆ. ಅಂತರರಾಷ್ಟ್ರೀಯ ಕ್ರಮದಂತೆ ಈ ಗೆರೆಯು ಕೆಳತುದಿಯಿಂದ ಪಿಲ್ಲರಿನ ವ್ಯಾಸದ ಎರಡರಷ್ಟಾದರೂ ಮೇಲಿರತಕ್ಕದ್ದು, 27.2 ಮಿಲಿಮೀಟರ್ ಪಿಲ್ಲರಿಗೆ ಇದು ಸುಮಾರು 54 ಮಿಲಿಮೀಟರ್. ಸೀಟನ್ನು ಬಿಗಿದ ಮೇಲೆ ಗೆರೆಯು ಕಣ್ಣಿಗೆ ಬೀಳಲೇಕೂಡದು. ಫ್ರೇಮನ್ನು ತಯಾರಿಸಿದವರು ಇನ್ನೂ ಹೆಚ್ಚು ಆಳವನ್ನು ಹೇಳಿದ್ದರೆ ಅದೇ ಪ್ರಮಾಣ. ಗೆರೆ ಹೊರಬಂದರೂ ಕಾಲಿಗೆ ಎತ್ತರ ಸಾಲದಿದ್ದರೆ, “ಇನ್ನು ಅರ್ಧ ಅಂಗುಲ ತಾನೆ” ಎಂದು ಷಾಪಿನವರನ್ನು ಒತ್ತಾಯಿಸುವುದು ವಿವೇಕವಲ್ಲ. ಅದೇ ವ್ಯಾಸದ ಉದ್ದವಾದ ಪಿಲ್ಲರನ್ನೋ ದೊಡ್ಡ ಫ್ರೇಮನ್ನೋ ಕೊಳ್ಳಬೇಕು. ಸಣ್ಣ ಪಿಲ್ಲರಿಗೆ ಕೈಗೆ ಸಿಕ್ಕ ತಗಡಿನ ಚೂರನ್ನು ಸುತ್ತಿ ತುರುಕುವ ಪದ್ಧತಿಯೂ ಉಂಟು. ಅದನ್ನು ಬಿಟ್ಟುಬಿಡುವುದೇ ಲೇಸು.

ಉಕ್ಕಿನ ಪಿಲ್ಲರಿಗೆ ತುಕ್ಕು ಹಿಡಿಯದಂತೆ ತೆಳುವಾಗಿ ಗ್ರೀಸು ಸವರಬೇಕು. ಕಾರ್ಬನ್ನಿನದಕ್ಕೆ ಗ್ರೀಸು ಸಲ್ಲದು. ಬೋಲ್ಟನ್ನು ಬಿಗಿದ ಮೇಲೆ ಸೀಟಿನ ಮೂತಿಯನ್ನು ಹಿಡಿದು ತಿರುಚಿ ನೋಡಬೇಕು, ಅಲುಗಕೂಡದು. ಫ್ರೇಮಿನ ಬಾಯಿಯ ಬಳಿ ಪಿಲ್ಲರಿನ ಮೇಲೆ ಬಣ್ಣದ ಗುರುತನ್ನಿಟ್ಟು, ವಾರ ಕಳೆದ ಮೇಲೆ ಅದು ಒಳಗಿಳಿದಿದೆಯೇ ಎಂದು ಪರೀಕ್ಷಿಸಬಹುದು. ಇಳಿದಿದ್ದರೆ, ಬೋಲ್ಟನ್ನು ಇನ್ನಷ್ಟು ಬಲವಾಗಿ ತಿರುಗಿಸುವುದಕ್ಕೆ ಮುನ್ನ ಪಿಲ್ಲರಿನ ವ್ಯಾಸವನ್ನು ಅಳೆಯತಕ್ಕದ್ದು.