ಪಗಾರದವನ ಗಂಟೂ ಅವನ ಹೊತ್ತೂ

ಮುಂಬಯಿಯ ಶೇರು ಪೇಟೆಯು ಬೆಳಿಗ್ಗೆ 9 ಗಂಟೆ 15 ನಿಮಿಷಕ್ಕೆ ತೆರೆದು ಮಧ್ಯಾಹ್ನ 3 ಗಂಟೆ 30 ನಿಮಿಷಕ್ಕೆ ಮುಚ್ಚುವದು. ಕೊಪ್ಪಳದ ಕಚೇರಿಗಳೂ, ಕುಷ್ಟಗಿ ಯಲಬುರ್ಗಾಗಳ ಶಾಲೆಗಳೂ ತಮ್ಮ ದಿನದ ಮುಖ್ಯ ಕೆಲಸವನ್ನು ಮಾಡುವ ಹೊತ್ತು ಕೂಡ ಬಹುಮಟ್ಟಿಗೆ ಇದೇ. ಈ ಎರಡು ಹೊತ್ತುಗಳು ಒಂದರ ಮೇಲೊಂದು ಬಿದ್ದಿರುವದೇ ನಾವು ಇಂದು ಈ ವಿಷಯವನ್ನೆತ್ತಿಕೊಳ್ಳಲು ಕಾರಣ. ಹಿಂದೆ ನಮ್ಮ ಕಡೆಯವನೊಬ್ಬನು ಶೇರು ಕೊಳ್ಳಬೇಕೆಂದರೆ ದೂರದ ಪಟ್ಟಣದ ದಲಾಲನಿಗೆ ಕಾಗದ ಬರೆದು ಉತ್ತರದ ದಾರಿ ಕಾಯಬೇಕಾಗುತ್ತಿತ್ತು. ಆ ಕಾಯುವಿಕೆಯೇ ಅವನ ದುಡುಕಿಗೆ ಕಡಿವಾಣವಾಗಿತ್ತು. ಈಗ ಪೇಟೆಯೇ ಅಂಗಿಯ ಜೇಬಿನಲ್ಲಿ ಬಂದು ಕುಳಿತಿದೆ.

ಕಳೆದ ಬೇಸಿಗೆಯಲ್ಲಿ ಜಿಲ್ಲೆಯ ಒಂದು ಕಚೇರಿಯಲ್ಲಿ ನಾವು ಅರ್ಧ ದಿನ ಕುಳಿತಿದ್ದೆವು. ನಮಗಿಂತ ಮೊದಲೇ ಬಂದಿದ್ದ ವೃದ್ಧ ರೈತರೊಬ್ಬರು ಪಹಣಿಯ ತಿದ್ದುಪಡಿಗಾಗಿ ಕೈಯಲ್ಲಿ ಕಾಗದ ಹಿಡಿದು ನಿಂತಿದ್ದರು. ಮೇಜಿನ ಆಚೆಗಿದ್ದ ತರುಣ ಗುಮಾಸ್ತರು ಐದೈದು ನಿಮಿಷಕ್ಕೊಮ್ಮೆ ಮೇಜಿನ ಕೆಳಗೆ ಮೊಬೈಲನ್ನು ನೋಡುತ್ತಲಿದ್ದರು. ಅವರ ಮುಖವು ಒಮ್ಮೆ ಅರಳುವದು, ಒಮ್ಮೆ ಬಾಡುವದು. ಪೇಟೆ ಮುಚ್ಚಿದ ಮೇಲೆ ರೈತರ ಕೆಲಸವು ಹತ್ತು ನಿಮಿಷದಲ್ಲಿ ಮುಗಿಯಿತು. ಅಷ್ಟರಲ್ಲಿ ಅವರ ಊರಿನ ಬಸ್ಸು ಹೋಗಿಬಿಟ್ಟಿತ್ತು. ಗುಮಾಸ್ತರು ದುಷ್ಟರೇನೂ ಅಲ್ಲ. ಮಾತಿನಲ್ಲಿ ಸಜ್ಜನರು, ಲಂಚದ ಮಾತೆತ್ತಿದವರಲ್ಲ. ಆದರೆ ಅವರು ಆ ದಿನ ಎರಡು ನೌಕರಿಗಳನ್ನು ಮಾಡುತ್ತಿದ್ದರು. ಪಗಾರ ಬರುವದು ಮಾತ್ರ ಒಂದರಿಂದ.

ಹೀಗೆಂದ ಮಾತ್ರಕ್ಕೆ ಪಗಾರದವನು ಶೇರು ಪೇಟೆಯ ಗೊಡವೆಗೇ ಹೋಗಬಾರದೆಂದು ನಾವು ಹೇಳುವವರಲ್ಲ. ಹಾಗೆ ಹೇಳುವ ಕಾಲವು ಕಳೆದುಹೋಗಿದೆ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರಕಾರದ ಸೇವೆಗೆ ಸೇರಿದವರಿಗೆ ಸಾಮಾನ್ಯವಾಗಿ ಹಳೆಯ ತರದ ನಿಶ್ಚಿತ ಪಿಂಚಣಿಯಿಲ್ಲ. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಿ ಅವರ ಮೂಲವೇತನ ಮತ್ತು ತುಟ್ಟಿಭತ್ತೆಯ ನೂರಕ್ಕೆ 10ನ್ನು ಅವರಿಂದಲೂ, 14ನ್ನು ಸರಕಾರದಿಂದಲೂ ತೆಗೆದು ಹೂಡಲಾಗುತ್ತದೆ. ಅದರಲ್ಲೊಂದು ಪಾಲು ಶೇರುಗಳಿಗೇ ಹೋಗುವದು. ಅಂದರೆ ಯಲಬುರ್ಗಾ ತಾಲೂಕಿನ ಹಳ್ಳಿಯ ಶಾಲೆಯಲ್ಲಿ ಮಗ್ಗಿ ಕಲಿಸುವ ಮಾಸ್ತರರು ತಾವರಿಯದೆಯೇ ದೇಶದ ಕಂಪನಿಗಳ ಪಾಲುದಾರರಾಗಿದ್ದಾರೆ. ಗಿಣಿಗೇರಿ ಬೇವಿನಹಳ್ಳಿಗಳ ಕಬ್ಬಿಣದ ಕಾರಖಾನೆಗಳಲ್ಲಿ ದುಡಿಯುವ ಸಾವಿರಾರು ಜನರಿಗೆ ಭವಿಷ್ಯನಿಧಿಯನ್ನು ಬಿಟ್ಟರೆ ಹೆಚ್ಚಿನ ಆಸರೆಯಿಲ್ಲ. ಮುಪ್ಪಿನ ಚಿಂತೆಯನ್ನು ಹೀಗೆ ನೌಕರನ ಹೆಗಲಿಗೇ ಏರಿಸಿದ ಮೇಲೆ, ಹಣದ ವಿಚಾರವನ್ನು ಮಾಡಬೇಡವೆಂದು ಅವನಿಗೆ ಬೋಧಿಸುವದು ಅನ್ಯಾಯವೇ ಸರಿ.

ವಿಚಾರ ಮಾಡದವರ ಗತಿಯೂ ಚೆನ್ನಾಗಿಲ್ಲ. ನಮ್ಮ ಪ್ರಾಂತದಲ್ಲಿ ಉಳಿತಾಯವೆಂದರೆ ಬಂಗಾರ, ನಿವೇಶನ, ಚೀಟಿ, ಇಲ್ಲವೆ ಪರಿಚಯದವರ ಪತ್ತಿನ ಸಂಘದಲ್ಲಿ ಠೇವಣಿ. ಸಹಕಾರವನ್ನು ನಾವು ಹಳಿಯುವದಿಲ್ಲ. 1905ರಲ್ಲಿ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹುಟ್ಟುಹಾಕಿದ ಸಂಘವು ನಾಡಿಗೇ ಹೆಮ್ಮೆಯದು. ಆದರೆ ಒಂದು ಭೇದವನ್ನು ನಮ್ಮ ಜನ ಮರೆಯುತ್ತಾರೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರ ಫೆಬ್ರುವರಿಯಿಂದ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯುಂಟು. ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಸೇರಿವೆ. ಪತ್ತಿನ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಈ ರಕ್ಷಣೆಯಿಲ್ಲ. ಫಲಕದ ಮೇಲಿನ ಹೆಸರು, ಒಳಗಿನ ಗಾಜಿನ ಕೋಣೆ, ಮಾತಿನ ಮರ್ಯಾದೆ ಇವೆಲ್ಲ ಎರಡೂ ಕಡೆ ಒಂದೇ ಆಗಿದ್ದರೂ, ಬಾಗಿಲು ಮುಚ್ಚಿದ ದಿನ ಎರಡೂ ಒಂದಾಗಿರುವದಿಲ್ಲ. ಬಡ್ಡಿ ನೂರಕ್ಕೆ ಎರಡು ಹೆಚ್ಚೆಂದು ನಿವೃತ್ತಿಯ ಗಂಟೆಲ್ಲವನ್ನೂ ಅಲ್ಲಿಟ್ಟವರು ಈ ಪ್ರಶ್ನೆಯನ್ನು ಮೊದಲೇ ಕೇಳಬೇಕಾಗಿತ್ತು.

ಇನ್ನು ಮೊಬೈಲಿನ ಸಟ್ಟಾ. ಶೇರು ಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿತು. ಅದರ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ವಾಯಿದೆ ಮತ್ತು ಆಪ್ಶನ್ ವ್ಯವಹಾರಕ್ಕಿಳಿದ 1 ಕೋಟಿಗೂ ಮಿಕ್ಕ ವ್ಯಕ್ತಿಗಳ ಪೈಕಿ ನೂರಕ್ಕೆ 93 ಜನ ನಷ್ಟಕ್ಕೀಡಾದರು. ಎಲ್ಲರ ನಿವ್ವಳ ನಷ್ಟವು 1 ಲಕ್ಷ 80 ಸಾವಿರ ಕೋಟಿ ರೂಪಾಯಿಗಳನ್ನು ಮೀರಿತು. ಇವರಲ್ಲಿ ಮುಕ್ಕಾಲು ಪಾಲು ಜನ ವರ್ಷಕ್ಕೆ 5 ಲಕ್ಷಕ್ಕಿಂತ ಕಡಿಮೆ ಆದಾಯವನ್ನು ತೋರಿಸಿದವರು. ನಮ್ಮಂಥ ಊರುಗಳ ಪಗಾರದವರನ್ನು ಈ ಲೆಕ್ಕವು ಎಷ್ಟು ಹತ್ತಿರದಿಂದ ಮುಟ್ಟುವದೆಂಬದನ್ನು ವಾಚಕರು ತಾವೇ ಮನಗಾಣಬಹುದು. ಕಳೆದುಕೊಂಡವರಲ್ಲಿ ಬಹುಜನ ಮತ್ತೆ ಅದೇ ಆಟಕ್ಕೆ ಕುಳಿತರೆಂದೂ ಆ ವರದಿ ಹೇಳುವದು. ಇಸ್ಪೀಟಿನ ಕಟ್ಟೆಯನ್ನು ಬಲ್ಲವರಿಗೆ ಇದು ಹೊಸದಲ್ಲ.

ಸಟ್ಟಾ ಮಾಡದೆ, ಒಳ್ಳೆಯ ಕಂಪನಿಗಳನ್ನು ದಿನಾಲು ಅಭ್ಯಾಸ ಮಾಡಿ ಸಾವಧಾನದಿಂದ ಹೂಡುವ ತರುಣರು ಇದ್ದಾರೆ. ನಮ್ಮ ಮಾತು ಮುಖ್ಯವಾಗಿ ಅವರೊಡನೆ. ಅವರಿಗೊಂದು ಸಣ್ಣ ಲೆಕ್ಕವನ್ನು ಒಪ್ಪಿಸುವೆವು. ಸೇವೆಗೆ ಸೇರಿ ನಾಲ್ಕು ವರ್ಷವಾದ ಒಬ್ಬರ ಗಂಟು 1 ಲಕ್ಷ ರೂಪಾಯಿ ಎಂದು ಹಿಡಿಯೋಣ. ತಮ್ಮ ಜಾಣತನದಿಂದ ಅವರು ಸಾಮಾನ್ಯ ಹೂಡಿಕೆಗಿಂತ ನೂರಕ್ಕೆ 2ನ್ನು ಹೆಚ್ಚಿಗೆ ಗಳಿಸಿದರೆಂದೇ ತಿಳಿಯೋಣ. ಇದು ಪಳಗಿದ ಕೈಗಳಿಗೂ ವರ್ಷವರ್ಷವೂ ಸಾಧಿಸದ ಮಾತು. ಹೆಚ್ಚಿನ ಲಾಭ ವರ್ಷಕ್ಕೆ 2,000 ರೂಪಾಯಿ. ಪೇಟೆ ತೆರೆದಿರುವ ದಿನಗಳು ಸುಮಾರು 250. ದಿನಕ್ಕೊಂದು ತಾಸಿನಂತೆ 250 ತಾಸು. ತಾಸಿಗೆ 8 ರೂಪಾಯಿ ಬಿತ್ತು! ಗಂಗಾವತಿಯ ಅಕ್ಕಿ ಗಿರಣಿಯ ಹಮಾಲನು ಈ ದರಕ್ಕೆ ಚೀಲವನ್ನು ಮುಟ್ಟಿಯೂ ನೋಡಲಿಕ್ಕಿಲ್ಲ.

ಅದೇ 250 ತಾಸುಗಳನ್ನು ಇವರು ಇಲಾಖಾ ಪರೀಕ್ಷೆಯ ಪುಸ್ತಕಗಳಿಗೆ ಕೊಟ್ಟು, ಬಡ್ತಿ ಪಡೆದು, ಪಗಾರದಲ್ಲಿ ತಿಂಗಳಿಗೆ 3,000 ರೂಪಾಯಿ ಏರಿಸಿಕೊಂಡರೆ ವರ್ಷಕ್ಕೆ 36,000 ಆಯಿತು. ನೂರಕ್ಕೆ 7ರ ಬಡ್ಡಿಯಿಂದ ಇಷ್ಟು ಬರಬೇಕಾದರೆ 5 ಲಕ್ಷಕ್ಕೂ ಮಿಕ್ಕ ಮುದ್ದಲು ಬೇಕು. ಈ ಏರಿಕೆಯ ಮೇಲೆ ತುಟ್ಟಿಭತ್ತೆಯೂ ಪಿಂಚಣಿಯ ವಂತಿಗೆಯೂ ಕಟ್ಟಿಕೊಳ್ಳುತ್ತ ಹೋಗುವವು. ಕಾರಖಾನೆಯ ಕುಲುಮೆಯ ಮುಂದೆ ನಿಂತ ಡಿಪ್ಲೋಮಾದವನಿಗೂ, ಆಸ್ಪತ್ರೆಯ ದಾದಿಗೂ, ಖಾಸಗಿ ಬ್ಯಾಂಕಿನ ಕಾರಕೂನನಿಗೂ ಇದೇ ಲೆಕ್ಕ ಸಲ್ಲುವದು. ಮೊದಲ ಹತ್ತು ಹದಿನೈದು ವರ್ಷ ಮನುಷ್ಯನ ದೊಡ್ಡ ಆಸ್ತಿಯೆಂದರೆ ಅವನ ಕೈಗುಣ. ಗಂಟು ಇನ್ನೂ ಕೂಸು.

ಐವತ್ತರ ಹೊತ್ತಿಗೆ ಗಂಟು 40 ಲಕ್ಷವಾಗಿದ್ದರೆ ಮಾತು ಬೇರೆ. ಆಗ ನೂರಕ್ಕೆ 1ರ ವ್ಯತ್ಯಾಸವೂ ವರ್ಷಕ್ಕೆ 40,000 ರೂಪಾಯಿ. ಆದರೆ ಅದನ್ನು ಉಳಿಸುವ ಬಗೆಯು ದಿನಾಲು ಭಾವ ನೋಡುವದರಲ್ಲಿಲ್ಲ. ಮ್ಯೂಚುವಲ್ ಫಂಡುಗಳಲ್ಲಿ 2013ರಿಂದ ದಲಾಲಿಯಿಲ್ಲದ ನೇರ ಯೋಜನೆಗಳಿವೆ. ತನ್ನ ಹಣವು ಯಾವದರಲ್ಲಿದೆಯೆಂದು ಒಂದು ರವಿವಾರ ಮಧ್ಯಾಹ್ನ ಕುಳಿತು ನೋಡಿದರೆ ಸಾಕು. ಇಂಥ ರವಿವಾರಗಳು ವರ್ಷಕ್ಕೆ ಎರಡಿದ್ದರೆ ಹೆಚ್ಚೇ ಆಯಿತು.

ಕಾನೂನಿನ ಮಾತೂ ಇದೆ. ಕೇಂದ್ರ ಸರಕಾರದ ನೌಕರರ 1964ರ ನಡತೆಯ ನಿಯಮಗಳಲ್ಲಿ 16ನೆಯದು ಸಟ್ಟಾವ್ಯವಹಾರವನ್ನು ನಿಷೇಧಿಸುವದಲ್ಲದೆ, ಮೇಲಿಂದ ಮೇಲೆ ಶೇರು ಕೊಂಡು ಮಾರುವದನ್ನು ಸಟ್ಟಾ ಎಂದೇ ಭಾವಿಸತಕ್ಕದ್ದೆಂದು ಸ್ಪಷ್ಟಪಡಿಸುತ್ತದೆ. ಎಂದಾದರೊಮ್ಮೆ ಮಾಡುವ ಹೂಡಿಕೆಗೆ ಅಡ್ಡಿಯಿಲ್ಲ. ರಾಜ್ಯದ ನೌಕರರ ನಿಯಮಗಳ ಧೋರಣೆಯೂ ಇದೇ. ಮೇಜಿನ ಕೆಳಗೆ ಮೊಬೈಲು ಹಿಡಿದವರಲ್ಲಿ ಎಷ್ಟು ಜನ ಇದನ್ನು ಓದಿದ್ದಾರೆಂದು ನಾವು ಕೇಳುವದಿಲ್ಲ.

ಆದರೆ ಪಗಾರದವರೆಲ್ಲರೂ ಒಂದೇ ತರದವರಲ್ಲ. ನಮ್ಮ ಜಿಲ್ಲೆಯಲ್ಲಿ ನೀರಾವರಿಯೂ ಇದೆ, ಒಣಬೇಸಾಯವೂ ಇದೆ. ಕಾಯಂ ನೌಕರನು ಗಂಗಾವತಿಯ ಕಾಲುವೆಯ ಕೆಳಗಿನ ಗದ್ದೆಯವನಿದ್ದಂತೆ; ತಿಂಗಳಿಗೊಮ್ಮೆ ನೀರು ತಪ್ಪದು, ಆದ್ದರಿಂದ ಹದಿನೈದಿಪ್ಪತ್ತು ವರ್ಷಕ್ಕೆ ಫಲ ಕೊಡುವ ಶೇರುಗಳನ್ನು ಅವನು ಧೈರ್ಯದಿಂದ ಇಟ್ಟುಕೊಳ್ಳಬಹುದು. ಅತಿಥಿ ಉಪನ್ಯಾಸಕರೂ ಗುತ್ತಿಗೆಯ ನೌಕರರೂ ಕುಷ್ಟಗಿಯ ಎರೆಹೊಲದವರಂತೆ. ಮಳೆ ಬಂದರೆ ಬಂತು. ಇವರು ಮೊದಲು ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿಟ್ಟು ಆಮೇಲೆ ಉಳಿದುದನ್ನು ವಿಚಾರಿಸತಕ್ಕದ್ದು. ಒಣಬೇಸಾಯದ ರೈತನು ಒಂದೇ ಬೆಳೆಯನ್ನು ನಂಬದೆ ಅಕ್ಕಡಿ ಸಾಲು ಹಾಕುವನಲ್ಲವೆ? ಇಷ್ಟಕ್ಕೂ ಕಾಲುವೆಯವನು ಬೀಗಬೇಕಾದುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಗಿ, ಕೂಡಿಟ್ಟ ನೀರು ಹೊಳೆಯ ಪಾಲಾದಾಗ, ಹೊಸ ಗೇಟು ಕೂಡುವವರೆಗೆ ಗಂಗಾವತಿಯಲ್ಲಿ ನಿದ್ರೆ ಮಾಡಿದವರು ಕಡಿಮೆ.

ಮಾಡಬೇಕಾದುದು ಬಹಳವಿಲ್ಲ. ಪಗಾರ ಜಮೆಯಾದ ಮರುದಿನವೇ ಹೂಡಿಕೆಯ ಕಂತು ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟರಾಯಿತು. ಅದರಲ್ಲಿ ಒಂದು ಪಾಲು ಪೋಸ್ಟಿನ ಭವಿಷ್ಯನಿಧಿಗೆ, ಒಂದು ಪಾಲು ಇಡೀ ಪೇಟೆಯನ್ನೇ ಅನುಸರಿಸುವ ಸಾದಾ ಸೂಚ್ಯಂಕದ ಫಂಡಿಗೆ. ಭಾವ ತೋರಿಸುವ ಆ್ಯಪನ್ನು ಕಚೇರಿಗೆ ಒಯ್ಯುವ ಮೊಬೈಲಿನಿಂದ ತೆಗೆದುಹಾಕುವದು ಲೇಸು. ಮನೆಯಲ್ಲಿ ಬೇರೊಂದು ಉಪಕರಣವಿದ್ದರೆ ಅದರಲ್ಲಿರಲಿ. ಹೆಚ್ಚಿನವರು ಮರೆಯುವ ಇನ್ನೊಂದು ಕೆಲಸವುಂಟು. ಪ್ರತಿ ಖಾತೆಗೂ ನಾಮನಿರ್ದೇಶನ ಮಾಡಿ, ಯಾವ ಹಣ ಎಲ್ಲಿದೆಯೆಂಬದನ್ನು ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ಮನೆಯಾಕೆಗೆ ತೋರಿಸಿಡಬೇಕು. ಯಜಮಾನರು ತೀರಿಕೊಂಡ ಮೇಲೆ ಅವರ ಮೊಬೈಲಿನ ಗುಪ್ತಸಂಖ್ಯೆ ತಿಳಿಯದೆ, ಮಗನ ಕೈ ಹಿಡಿದುಕೊಂಡು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುವ ತಾಯಂದಿರನ್ನು ನಾವು ಕೊಪ್ಪಳದಲ್ಲಿಯೇ ಕಂಡಿದ್ದೇವೆ.