ನರಶಸ್ತ್ರಚಿಕಿತ್ಸಕರ ಆಯ್ಕೆ: ವರ್ತಕರು ತಾಳೆ ನೋಡಬೇಕಾದ ದಾಖಲೆಗಳು

ಹೊಸ ಖರೀದಿದಾರರೊಬ್ಬರು ಉದ್ದರಿಯಲ್ಲಿ ಒಂದು ಲೋಡು ಬೆಲ್ಲ ಕೇಳಿದರೆ ಮಂಡ್ಯದ ವರ್ತಕರು ಮೊದಲು ಅವರ ಜಿ.ಎಸ್.ಟಿ. ಸಂಖ್ಯೆಯನ್ನು ತಾಳೆ ನೋಡುತ್ತಾರೆ. ಅವರ ಊರಿನ ಪೇಟೆಯಲ್ಲಿ ಒಂದೆರಡು ಕಡೆ ವಿಚಾರಿಸುತ್ತಾರೆ. ಹಳೆಯ ಬಾಕಿಯ ಸುದ್ದಿ ಕಿವಿಗೆ ಬಿದ್ದರೆ ಸರಕನ್ನು ಕಳುಹಿಸುವುದಿಲ್ಲ. ಅದೇ ವರ್ತಕರ ಮನೆಯಲ್ಲಿ ಮೆದುಳಿನ ಅಥವಾ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯ ಪ್ರಸಂಗ ಒದಗಿದಾಗ, ಪರಿಚಿತರೊಬ್ಬರ ಒಂದು ದೂರವಾಣಿ ಕರೆಯನ್ನು ನಂಬಿ ಹಣವನ್ನೂ ಜೀವವನ್ನೂ ಒಪ್ಪಿಸಿಬಿಡುವುದನ್ನು ಕಾಣುತ್ತೇವೆ. ವ್ಯವಹಾರದಲ್ಲಿ ನಾವು ರೂಢಿಸಿಕೊಂಡಿರುವ ಎಚ್ಚರವನ್ನೇ ಇಲ್ಲಿಯೂ ಬಳಸಲು ಸಾಧ್ಯವಿದೆ. ಅದಕ್ಕೆ ಬೇಕಾದ ದಾಖಲೆಗಳು ಸಾರ್ವಜನಿಕರಿಗೆ ಲಭ್ಯವಿವೆ ಎಂಬುದನ್ನು ನಮ್ಮ ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಯಾರು ಯಾವ ವೈದ್ಯರು?

ನಮ್ಮ ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಶಬ್ದ ರಕ್ತನಾಳಕ್ಕೂ ಸ್ನಾಯುವಿನ ಎಳೆಗೂ ನಿಜವಾದ ನರಕ್ಕೂ ಸಲ್ಲುತ್ತದೆ. ಆದ್ದರಿಂದಲೇ ‘ನರದ ಡಾಕ್ಟರು’ ಎಂದು ಹುಡುಕಿಕೊಂಡು ಹೊರಟವರು ತಪ್ಪು ಬಾಗಿಲಿಗೆ ಹೋಗುವುದುಂಟು. ನರರೋಗ ತಜ್ಞರು, ಅಂದರೆ ನ್ಯೂರಾಲಜಿಸ್ಟರು, ಔಷಧೋಪಚಾರ ನೀಡುವವರು. ಅವರ ಪದವಿ ಸಾಮಾನ್ಯವಾಗಿ ಡಿ.ಎಂ. (ನ್ಯೂರಾಲಜಿ). ಮೂರ್ಛೆರೋಗ, ಪಾರ್ಕಿನ್‌ಸನ್ ಕಾಯಿಲೆ, ರಕ್ತ ಹೆಪ್ಪುಗಟ್ಟಿ ಉಂಟಾಗುವ ಪಾರ್ಶ್ವವಾಯು ಮುಂತಾದವು ಮೊದಲು ಅವರ ಬಳಿಗೇ ಹೋಗತಕ್ಕವು. ಇಂತಹ ಪಾರ್ಶ್ವವಾಯುವಿನಲ್ಲಿ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ತಲೆಯೊಳಗಿನ ರಕ್ತಸ್ರಾವ, ಗಡ್ಡೆ, ಬೆನ್ನುಹುರಿಯ ಮೇಲಿನ ಒತ್ತಡ ಇವು ನರಶಸ್ತ್ರಚಿಕಿತ್ಸಕರ, ಅಂದರೆ ನ್ಯೂರೋಸರ್ಜನ್ನರ ಕ್ಷೇತ್ರ. ಬೆನ್ನುಮೂಳೆಯ ಡಿಸ್ಕ್ ಶಸ್ತ್ರಚಿಕಿತ್ಸೆಯನ್ನು ವಿಶೇಷ ತರಬೇತಿ ಪಡೆದ ಮೂಳೆ ತಜ್ಞರೂ ಮಾಡುತ್ತಾರೆ.

ಅಪಘಾತದ ಸಂದರ್ಭ

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿ ನಮ್ಮ ಸರಕು ಸಾಗಣೆಗೆ ವೇಗ ತಂದಿತು. ಜೊತೆಗೆ ಅಪಘಾತಗಳ ಭೀತಿಯನ್ನೂ ತಂದಿತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳನ್ನು ನಿಷೇಧಿಸಿದ್ದು ಸದಸ್ಯರಿಗೆ ತಿಳಿದಿದೆ. ರಸ್ತೆಯಲ್ಲಿ ಮಾತ್ರವಲ್ಲ, ಅಕ್ಕಿ ಗಿರಣಿಯ ಅಟ್ಟದಿಂದ ಬಿದ್ದವರಿಗೂ, ಎಳನೀರಿನ ಲಾರಿಯ ಮೇಲಿಂದ ಜಾರಿದವರಿಗೂ ತಲೆಗೆ ಪೆಟ್ಟಾಗುತ್ತದೆ.

ಇಂತಹ ಗಳಿಗೆಯಲ್ಲಿ ವೈದ್ಯರನ್ನು ಆಯ್ಕೆ ಮಾಡಲು ಸಮಯವಿರುವುದಿಲ್ಲ, ಆಸ್ಪತ್ರೆಯನ್ನು ಮಾತ್ರ ಆಯ್ಕೆ ಮಾಡಬಹುದು. ಪೆಟ್ಟು ಬಿದ್ದವರು ಎದ್ದು ಕುಳಿತು ಸರಿಯಾಗಿಯೇ ಮಾತನಾಡಿ, ಒಂದೆರಡು ಗಂಟೆಯ ನಂತರ ಪ್ರಜ್ಞೆ ತಪ್ಪುವುದುಂಟು. ತಲೆಬುರುಡೆಯ ಒಳಮಗ್ಗುಲಲ್ಲಿ ರಕ್ತ ಶೇಖರವಾಗುತ್ತಾ ಮೆದುಳನ್ನು ಒತ್ತುವುದು ಇದಕ್ಕೆ ಒಂದು ಕಾರಣ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು ಕಂಡರೆ ‘ಬೆಳಿಗ್ಗೆ ನೋಡೋಣ’ ಎನ್ನಬಾರದು. ಮಂಡ್ಯದಲ್ಲಿ 2006ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಮಿಮ್ಸ್ ಆಸ್ಪತ್ರೆಯಿದೆ. ಹತ್ತಿರದ ಆಸ್ಪತ್ರೆಯಲ್ಲಿ ಉಸಿರಾಟ ಮತ್ತು ರಕ್ತದೊತ್ತಡವನ್ನು ಸ್ಥಿಮಿತಕ್ಕೆ ತಂದು, ಸಿ.ಟಿ. ಸ್ಕ್ಯಾನ್ ಮಾಡಿಸಿ, ನರಶಸ್ತ್ರಚಿಕಿತ್ಸಕರು ಆ ಹೊತ್ತಿಗೆ ಲಭ್ಯರಿದ್ದಾರೆಯೇ ಎಂದು ವಿಚಾರಿಸಿಯೇ ಮುಂದೆ ಸಾಗಬೇಕು. ಮಂಡ್ಯದಿಂದ ಮೈಸೂರು ಸುಮಾರು 45 ಕಿ.ಮೀ., ಬೆಂಗಳೂರು ಸುಮಾರು 100 ಕಿ.ಮೀ. ಮದ್ದೂರಿನವರಿಗೆ ಚನ್ನಪಟ್ಟಣ-ರಾಮನಗರದ ದಾರಿಯೂ, ಮಳವಳ್ಳಿಯವರಿಗೆ ಬನ್ನೂರಿನ ಮೇಲೆ ಮೈಸೂರೂ ಇಲ್ಲವೇ ಕನಕಪುರದ ಮೇಲೆ ಬೆಂಗಳೂರೂ ಇವೆ. ಯಾವ ಹೊತ್ತಿನಲ್ಲಿ ಯಾವ ದಾರಿ ಬೇಗ ಮುಟ್ಟಿಸುತ್ತದೆ ಎಂಬುದನ್ನು ನಮ್ಮ ಲಾರಿ ಚಾಲಕರು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ತಲೆಯ ಜೊತೆಗೆ ಎದೆ, ಹೊಟ್ಟೆ ಅಥವಾ ಮೂಳೆಗೂ ಗಾಯವಾಗಿದ್ದರೆ ಎಲ್ಲ ವಿಭಾಗಗಳೂ ಒಂದೇ ಸೂರಿನಡಿ ಇರುವ ಆಸ್ಪತ್ರೆಯೇ ಮೇಲು. ಇಂತಹ ಎರಡು ಆಸ್ಪತ್ರೆಗಳ ತುರ್ತು ವಿಭಾಗದ ದೂರವಾಣಿ ಸಂಖ್ಯೆಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಈಗಲೇ ಬರೆದಿಡುವುದು ಲೇಸು.

ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ.

ಪದವಿ ಮತ್ತು ನೋಂದಣಿ

ಗಡ್ಡೆ, ಡಿಸ್ಕ್ ಮುಂತಾದ ಬಹುಪಾಲು ಪ್ರಸಂಗಗಳಲ್ಲಿ ಕೆಲವು ದಿನಗಳಾದರೂ ಕಾಲಾವಕಾಶವಿರುತ್ತದೆ. ‘ಎಷ್ಟು ದಿನ ತಡೆಯಬಹುದು?’ ಎಂಬುದೇ ವೈದ್ಯರನ್ನು ಕೇಳತಕ್ಕ ಮೊದಲ ಪ್ರಶ್ನೆ.

ನರಶಸ್ತ್ರಚಿಕಿತ್ಸಕರ ಪದವಿ ಎಂ.ಸಿಎಚ್. (ನ್ಯೂರೋಸರ್ಜರಿ), ಇಲ್ಲವೇ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿ.ಎನ್.ಬಿ.; ಇದಕ್ಕೆ ಈಗಿನ ಹೆಸರು ಡಿಆರ್.ಎನ್.ಬಿ. ಎಂ.ಎಸ್. ಮುಗಿಸಿದವರು ಇದಕ್ಕಾಗಿ ಮತ್ತೆ ಮೂರು ವರ್ಷ ಕಲಿಯುತ್ತಾರೆ, ಎಂ.ಬಿ.ಬಿ.ಎಸ್. ನಂತರ ನೇರವಾಗಿ ಐದಾರು ವರ್ಷ ಕಲಿತವರೂ ಇದ್ದಾರೆ. ಫಲಕದ ಮೇಲೆ ಸಾಲುಗಟ್ಟಿರುವ ಫೆಲೋಷಿಪ್‌ಗಳು ಈ ಪದವಿಗೆ ಪೂರಕವೇ ಹೊರತು ಬದಲಿಯಲ್ಲ.

ವೈದ್ಯರು ತಮ್ಮ ಔಷಧಿ ಚೀಟಿ, ಪ್ರಮಾಣಪತ್ರ ಮತ್ತು ರಸೀದಿಗಳಲ್ಲಿ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕೆಂಬುದು 2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಾವಳಿಯ ಕಟ್ಟಳೆ. ಆ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿರುವ ನೋಂದಣಿ ಪಟ್ಟಿಯಲ್ಲಿ ತಾಳೆ ನೋಡಬಹುದು. (ಹಿಂದಿನ ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನದಲ್ಲಿ ಈ ಆಯೋಗವು 2020ರ ಸೆಪ್ಟೆಂಬರ್‌ನಲ್ಲಿ ಕಾರ್ಯಾರಂಭ ಮಾಡಿತು.) ಒಂದೇ ಹೆಸರಿನ ವೈದ್ಯರು ಹಲವರಿರುವುದರಿಂದ ನೋಂದಣಿಯ ವರ್ಷ ಮತ್ತು ವಿಶ್ವವಿದ್ಯಾನಿಲಯವನ್ನೂ ಹೋಲಿಸಬೇಕು. ಹೊರರಾಜ್ಯದಲ್ಲಿ ನೋಂದಾಯಿಸಿಕೊಂಡವರ ಹೆಸರು ಅಲ್ಲಿನ ಪರಿಷತ್ತಿನ ಪಟ್ಟಿಯಲ್ಲಿರಬಹುದು; ನಂತರ ಗಳಿಸಿದ ಪದವಿ ಪಟ್ಟಿಗೆ ಸೇರಲು ತಡವಾಗಿರಲೂಬಹುದು. ಆದುದರಿಂದ ಪಟ್ಟಿಯಲ್ಲಿ ಕಾಣದಿದ್ದ ಮಾತ್ರಕ್ಕೆ ಸಂಶಯಪಡದೆ ಆಸ್ಪತ್ರೆಯನ್ನು ವಿನಯದಿಂದ ವಿಚಾರಿಸುವುದು ಯುಕ್ತ. ಸಮರ್ಥ ವೈದ್ಯರು ಇಂತಹ ಪ್ರಶ್ನೆಗೆ ಬೇಸರಿಸುವುದಿಲ್ಲ.

ಪದವಿಗಿಂತ ಮುಂದಿನ ಪ್ರಶ್ನೆ ಅನುಭವದ್ದು. ಇದೇ ಬಗೆಯ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಎಷ್ಟು ಮಾಡುತ್ತಾರೆ, ಕತ್ತರಿ ಹಿಡಿಯುವವರು ಸ್ವತಃ ಅವರೇ ಅಥವಾ ಸಹಾಯಕರೇ ಎಂದು ಕೇಳಬೇಕು. ನಮ್ಮ ಊರುಗಳ ಮಟ್ಟಿಗೆ ಇನ್ನೊಂದು ಪ್ರಶ್ನೆ ಅತ್ಯವಶ್ಯ. ದೊಡ್ಡ ನಗರಗಳ ತಜ್ಞರು ವಾರದಲ್ಲಿ ಗೊತ್ತಾದ ದಿನ ಸಣ್ಣ ಊರುಗಳ ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ಪದ್ಧತಿಯಿದೆ; ಇದು ಉಪಕಾರವೇ. ಆದರೆ ತಜ್ಞರು ಶಸ್ತ್ರಚಿಕಿತ್ಸೆ ಮುಗಿಸಿ ಸಂಜೆ ಹಿಂದಿರುಗಿದ ಮೇಲೆ, ನಡುರಾತ್ರಿ ತಲೆಯೊಳಗೆ ಮತ್ತೆ ರಕ್ತಸ್ರಾವವಾದರೆ ಬರುವವರು ಯಾರು? ತೀವ್ರ ನಿಗಾ ಘಟಕ, ಸ್ಕ್ಯಾನ್ ಯಂತ್ರ, ಅರಿವಳಿಕೆ ತಜ್ಞರು ಅಲ್ಲಿ ರಾತ್ರಿಯೂ ಇರುತ್ತಾರೆಯೇ? ಸ್ಪಷ್ಟ ಉತ್ತರ ದೊರೆಯದ ಕಡೆ ಸಮಾಲೋಚನೆಗೆ ಮಾತ್ರ ಹೋಗಿ, ಶಸ್ತ್ರಚಿಕಿತ್ಸೆಯನ್ನು ನಗರದಲ್ಲಿ ಮಾಡಿಸುವುದೇ ಸೂಕ್ತವೆಂಬುದು ನಮ್ಮ ಅಭಿಪ್ರಾಯ.

ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 1974ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯನ್ನು ಮಾನಸಿಕ ರೋಗಿಗಳ ಆಸ್ಪತ್ರೆಯೆಂದೇ ಭಾವಿಸಿ ಹಿಂಜರಿಯುವವರು ಇನ್ನೂ ಇದ್ದಾರೆ. ವಾಸ್ತವದಲ್ಲಿ ಅದರ ಸ್ಥಾಪಕ ನಿರ್ದೇಶಕರಾದ ಡಾ. ಆರ್.ಎಂ. ವರ್ಮ ಅವರೇ ನರಶಸ್ತ್ರಚಿಕಿತ್ಸಕರು. ತುರ್ತು ವಿಭಾಗ ಹಗಲಿರುಳು ತೆರೆದಿರುತ್ತದೆ. ಉಳಿದವರು ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ಹೆಸರು ನೋಂದಾಯಿಸಬೇಕು. ಸ್ಕ್ಯಾನಿನ ವರದಿಯ ಹಾಳೆ ಮಾತ್ರ ಸಾಲದು, ಚಿತ್ರಗಳನ್ನೂ ಸಿ.ಡಿ.ಯನ್ನೂ ಒಯ್ಯಬೇಕು.

ವಿಮೆ: ‘ನಡೆಯುತ್ತದೆ’ ಎಂಬ ಮಾತಿನ ಅರ್ಥ

‘ನಮ್ಮಲ್ಲಿ ಎಲ್ಲ ಇನ್ಶೂರೆನ್ಸೂ ನಡೆಯುತ್ತದೆ’ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಹೇಳಿದರೆ ಅದು ಹಣ ಸಂದಾಯವಾಗುತ್ತದೆಂಬ ಭರವಸೆಯಲ್ಲ. ಆಸ್ಪತ್ರೆಯು ತಮ್ಮ ವಿಮಾ ಕಂಪನಿಯ ನೆಟ್‌ವರ್ಕ್ ಪಟ್ಟಿಯಲ್ಲಿದೆಯೇ ಎಂಬುದನ್ನು ಕಂಪನಿಯಿಂದಲೇ, ಪಾಲಿಸಿ ಸಂಖ್ಯೆ ಕೊಟ್ಟು ದೃಢಪಡಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸಕರ ಶುಲ್ಕವೂ ಆಸ್ಪತ್ರೆಯ ಬಿಲ್ಲಿನಲ್ಲೇ ಸೇರಿದೆಯೇ ಎಂಬುದನ್ನು ಕೇಳಲು ಮರೆಯಬಾರದು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗಳಲ್ಲಿಯೂ ಕ್ಯಾಶ್‌ಲೆಸ್ ಸೌಲಭ್ಯ ಕೊಡುವ ವ್ಯವಸ್ಥೆಯನ್ನು ಸಾಮಾನ್ಯ ವಿಮಾ ಮಂಡಳಿ 2024ರ ಜನವರಿಯಲ್ಲಿ ಪ್ರಕಟಿಸಿತು. ಅದಕ್ಕೆ ಪೂರ್ವನಿಶ್ಚಿತ ಚಿಕಿತ್ಸೆಯಾದರೆ 48 ಗಂಟೆ ಮುಂಚೆ, ತುರ್ತಾದರೆ ದಾಖಲಾದ 48 ಗಂಟೆಗಳೊಳಗೆ ಕಂಪನಿಗೆ ತಿಳಿಸಬೇಕು, ಆಸ್ಪತ್ರೆಯೂ ಒಪ್ಪಬೇಕು.

ನಷ್ಟ ಹೆಚ್ಚಾಗಿ ಸಂಭವಿಸುವುದು ಕೊಠಡಿ ಬಾಡಿಗೆಯ ಷರತ್ತಿನಲ್ಲಿ. 5 ಲಕ್ಷದ ಪಾಲಿಸಿಯಲ್ಲಿ ಬಾಡಿಗೆಯ ಮಿತಿ ದಿನಕ್ಕೆ ಶೇ. 1, ಅಂದರೆ 5,000 ರೂ. ಎಂದಿಟ್ಟುಕೊಳ್ಳೋಣ. ರೋಗಿ 10,000 ರೂ. ಕೊಠಡಿಯಲ್ಲಿ 6 ದಿನ ಉಳಿದರೆ ಬಾಡಿಗೆಯ ವ್ಯತ್ಯಾಸ 30,000 ರೂ. ಮಾತ್ರವೆಂದು ಮನೆಯವರು ಭಾವಿಸುತ್ತಾರೆ. ಆದರೆ ಅಂತಹ ಪಾಲಿಸಿಗಳಲ್ಲಿ ಶಸ್ತ್ರಚಿಕಿತ್ಸಕರ ಶುಲ್ಕ, ಅರಿವಳಿಕೆ, ಶಸ್ತ್ರಕ್ರಿಯಾ ಕೊಠಡಿಯ ವೆಚ್ಚವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. ಅವು 2,40,000 ರೂ. ಇದ್ದರೆ ಅರ್ಧ, ಅಂದರೆ 1,20,000 ರೂ. ಕೈಯಿಂದ ಹೋಗಿ, ಒಟ್ಟು ಹೊರೆ 1,50,000 ರೂ. ಆಗುತ್ತದೆ. ಔಷಧಿ, ದೇಹದೊಳಗೆ ಅಳವಡಿಸುವ ಸಾಧನಗಳು, ಪರೀಕ್ಷೆಗಳು ಹಾಗೂ ತೀವ್ರ ನಿಗಾ ಘಟಕದ ಶುಲ್ಕಕ್ಕೆ ಈ ಅನುಪಾತದ ಕಡಿತ ಅನ್ವಯಿಸುವುದಿಲ್ಲ.

ಡಿಸ್ಕ್ ಜಾರಿದ ತೊಂದರೆಗೆ, ಅಪಘಾತದಿಂದಾದುದನ್ನು ಬಿಟ್ಟು, ಅನೇಕ ಪಾಲಿಸಿಗಳಲ್ಲಿ 24 ತಿಂಗಳ ಕಾಯುವ ಅವಧಿಯಿದೆ. ಮಿದುಳಿನ ಆಳದ ಉತ್ತೇಜನ ಚಿಕಿತ್ಸೆ, ವಿಕಿರಣದ ಶಸ್ತ್ರಚಿಕಿತ್ಸೆ, ಶಸ್ತ್ರಕ್ರಿಯೆಯ ವೇಳೆ ನರಗಳ ಮೇಲೆ ಯಂತ್ರದ ನಿಗಾ ಮುಂತಾದ ಆಧುನಿಕ ವಿಧಾನಗಳಿಗೆ ಒಳಮಿತಿ ಇರಬಹುದು. 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಅದು ವಿಮಾ ಮೊತ್ತದ ಶೇ. 50. ಮೊದಲೇ ಇದ್ದ ಕಾಯಿಲೆಯ ಕಾಯುವ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಗರಿಷ್ಠ 36 ತಿಂಗಳಿಗೆ ಇಳಿಸಿದೆ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರಿಸಬೇಕೆಂದೂ ಅದೇ ವರ್ಷ ಸೂಚಿಸಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ಪಾಲಿಸಿಗಳಿಗೆ ಜಿ.ಎಸ್.ಟಿ. ವಿನಾಯಿತಿ ದೊರೆತಿದೆ, ನೌಕರರ ಗುಂಪು ಪಾಲಿಸಿಗಳಿಗೆ ಇದು ಅನ್ವಯಿಸದು.

ಕೆಲಸಗಾರರ ವಿಷಯದಲ್ಲಿ ಇ.ಎಸ್.ಐ. ಇದ್ದರೆ ಅದರ ಚೀಟಿ, ಇಲ್ಲದಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡು ಕೈಯಲ್ಲಿದೆಯೇ ಎಂದು ಮಾಲೀಕರು ನೋಡಬೇಕು. 2018ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ರಕ್ಷಣೆಯಿದ್ದು, ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಹಾಲಿನ ಸಂಘ ಮುಂತಾದ ಸಹಕಾರ ಸಂಘಗಳ ಸದಸ್ಯರು ಯಶಸ್ವಿನಿಯನ್ನೂ ವಿಚಾರಿಸಬಹುದು.

ಕಂಪನಿಯು ಹಣ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಪರಿಹಾರ ದೊರೆಯದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಲೋಕಪಾಲರನ್ನು ಒಂದು ವರ್ಷದೊಳಗೆ ಸಂಪರ್ಕಿಸಬಹುದು. 50 ಲಕ್ಷ ರೂ.ವರೆಗಿನ ವ್ಯಾಜ್ಯವನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ಮಂಡಿಸಬಹುದು. ಏಕಮಾಲೀಕತ್ವದ ಸಂಸ್ಥೆ ಹಾಗೂ ಅತಿ ಸಣ್ಣ ಉದ್ಯಮದ ಹೆಸರಿನಲ್ಲಿರುವ ಪಾಲಿಸಿಗಳಿಗೂ ಈ ಬಾಗಿಲು ತೆರೆದಿದೆ. ದೂರಿಗೆ ಬೇಕಾಗುವ ಚಿಕಿತ್ಸಾ ದಾಖಲೆಗಳನ್ನು, ರೋಗಿ ಕೋರಿದ 72 ಗಂಟೆಗಳೊಳಗೆ ಕೊಡಬೇಕೆಂದು ಮೇಲೆ ಹೇಳಿದ 2002ರ ನಿಯಮಾವಳಿಯೇ ವಿಧಿಸುತ್ತದೆ. ಕೋರಿಕೆಯನ್ನು ಬರವಣಿಗೆಯಲ್ಲಿ ಸಲ್ಲಿಸಿ, ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳತಕ್ಕದ್ದು.